‘ಸುಳ್ಳು!’ ಎಂದ ಹಕ್ಕಿ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ರಂಗಿತೀಕೆಯಿ ಎಂಬ ಸೀಮೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದಿನ ಅಲ್ಲಿನ ಮಾವೊರಿ ಜನರ ಸಭಾಮನೆಯಲ್ಲಿ ದೊಡ್ಡ ಸಭೆ ಸೇರಿತ್ತು. ಮಾತನಾಡುತ್ತಿದ್ದವನು ವಾಲ್ಟರ್ ಬುಲ್ಲರ್. ಪಾದ್ರಿಯ ಮಗ, ಸರ್ಕಾರಿ ಅಧಿಕಾರಿ. ನ್ಯೂಜಿಲೆಂಡಿನಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಮಾವೊರಿ ಭಾಷೆ ಅವನಿಗೆ ನೀರು ಕುಡಿದಷ್ಟು ಸಲೀಸು. ವಿಷಯ ರಾಜಕೀಯದ್ದು. ಮಾವೊರಿಗಳ ನೆಲ ಎಕರೆ ಎಕರೆಯಾಗಿ ಬಿಳಿಯರ ಕೈಸೇರುತ್ತಿದ್ದ ಕಾಲ ಅದು. ಸರ್ಕಾರದವನೊಬ್ಬ ಎದ್ದುನಿಂತು ಮಾತನಾಡಿದರೆ ಜನ ಕಿವಿ ನಿಮಿರಿಸಿ ಕೇಳಲೇಬೇಕು. ಬುಲ್ಲರ್ ತನ್ನ ವಾದವನ್ನೆಲ್ಲ ಮಂಡಿಸಿ ಕುಳಿತ. ವೃದ್ಧ ಮುಖಂಡ ನೇಪಿಯಾ ತರತೋವಾ ಉತ್ತರ ಹೇಳಬೇಕಿತ್ತು. ಆತ ಬಾಯಿ ತೆರೆಯುವ ಮೊದಲೇ ತಲೆಯ ಮೇಲಿಂದ ಸ್ಪಷ್ಟವಾದ, ಖಡಾಖಂಡಿತವಾದ ದನಿಯೊಂದು ಕೇಳಿಸಿತು: ‘ತಿತೊ!’

ತಿತೊ ಎಂದರೆ ಮಾವೊರಿ ಭಾಷೆಯಲ್ಲಿ ‘ಸುಳ್ಳು’.

ಸಭೆಯಲ್ಲಿ ನಗು ಸಿಡಿಯಿತು. ಆಡಿದ್ದು ಮನುಷ್ಯನಲ್ಲ. ತೊಲೆಗೆ ತೂಗುಹಾಕಿದ್ದ ಪಂಜರದೊಳಗಿನ ಒಂದು ಕಪ್ಪು ಹಕ್ಕಿ. ತರತೋವಾಗೂ ನಗು ತಡೆಯಲಾಗಲಿಲ್ಲ. ನಿಮ್ಮ ವಾದವೇನೋ ಚೆನ್ನಾಗಿದೆ, ಆದರೆ ನನ್ನ ಹಕ್ಕಿ ಬಹಳ ಜಾಣ, ಅದಕ್ಕೆ ಇನ್ನೂ ಒಪ್ಪಿಗೆಯಾಗಿಲ್ಲ ಎಂಬರ್ಥದ ಮಾತು ಹೇಳಿ ಬುಲ್ಲರನ ಬಾಯಿ ಕಟ್ಟಿಸಿದ. ಮುಂದೆ ನ್ಯೂಜಿಲೆಂಡಿನ ಪಕ್ಷಿಗಳ ಮೇಲೆ ದೊಡ್ಡ ಗ್ರಂಥ ಬರೆದ ಬುಲ್ಲರ್, ತನಗಾದ ಈ ಫಜೀತಿಯನ್ನು ಮುಚ್ಚಿಡದೆ ಅದರಲ್ಲಿ ಬರೆದಿಟ್ಟಿದ್ದಾನೆ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು.

ಆ ಹಕ್ಕಿಯ ಹೆಸರು ಟುಯಿ.

ಟುಯಿ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ, ನ್ಯೂಜಿಲೆಂಡಿನಲ್ಲಿ ಮಾತ್ರ ಇದೆ. ನಮ್ಮ ಗೊರವಂಕಕ್ಕಿಂತ ಉದ್ದ, ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 30 ಸೆಂಟಿಮೀಟರ್. ಗಂಡು ಸುಮಾರು 120 ಗ್ರಾಂ ತೂಗಿದರೆ ಹೆಣ್ಣು 90 ಗ್ರಾಂ ಆಸುಪಾಸು. ದೂರದಿಂದ ನೋಡಿದರೆ ಕಾಗೆಗಪ್ಪು. ಬಿಸಿಲಿಗೆ ಬಂದಾಗ ನೋಡಬೇಕು: ಬೆನ್ನಿನ ಮೇಲೆ ಕಂಚಿನ ಬಣ್ಣ, ರೆಕ್ಕೆಯಲ್ಲಿ ಹಸಿರು, ಎದೆಯಲ್ಲಿ ನೇರಳೆ ಮಿಂಚುತ್ತವೆ. ಈ ಬಣ್ಣಗಳು ಗರಿಗೆ ಬಳಿದದ್ದಲ್ಲ. ಮಳೆಗಾಲದಲ್ಲಿ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆ ಕಾಮನಬಿಲ್ಲಿನಂತೆ ಹೊಳೆಯುತ್ತದಲ್ಲ, ಹಾಗೆಯೇ ಗರಿಯೊಳಗಿನ ಅತಿ ತೆಳುವಾದ ಪದರಗಳಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಹುಟ್ಟಿಸುವ ಬಣ್ಣಗಳು. ನವಿಲುಗರಿಯ ಗುಟ್ಟೂ, ಪಾರಿವಾಳದ ಕುತ್ತಿಗೆಯ ಗುಟ್ಟೂ ಇದೇ. ಟುಯಿಯ ಗುರುತು ಹಿಡಿಯಲು ಇಷ್ಟೆಲ್ಲ ನೋಡಬೇಕಾಗಿಯೂ ಇಲ್ಲ. ಗಂಟಲ ಕೆಳಗೆ ಎರಡು ಬಿಳಿಯ ಗರಿಗುಚ್ಛಗಳು ಹತ್ತಿಯುಂಡೆಗಳಂತೆ ಜೋತಾಡುತ್ತಿರುತ್ತವೆ. ಮರಿಗಳಿಗೆ ಅವು ಇರುವುದಿಲ್ಲ.

ಇದು ಮಕರಂದ ಕುಡಿಯುವ ಹಕ್ಕಿ. ನಾಲಗೆಯ ತುದಿ ಕುಂಚದಂತೆ ಎಳೆಎಳೆಯಾಗಿದೆ. ನಮ್ಮ ಹಿತ್ತಿಲಿನ ಸೂರಕ್ಕಿಯ ಕಸುಬೇ ಇದರದ್ದೂ, ಆದರೆ ಎರಡಕ್ಕೂ ನೆಂಟಸ್ತಿಕೆಯಿಲ್ಲ. ಟುಯಿ ಆಸ್ಟ್ರೇಲಿಯಾ ಕಡೆಯ ಜೇನುಗುಟುಕ ಹಕ್ಕಿಗಳ ಕುಟುಂಬಕ್ಕೆ ಸೇರಿದ್ದು. ಮಾವೊರಿಗಳು ಚಾಪೆ, ಬುಟ್ಟಿ, ಹಗ್ಗಗಳಿಗೆ ಬಳಸುವ ಹರಕೆಕೆ ಎಂಬ ನಾರಿನ ಗಿಡದ ಹೂವಿಗೂ ಟುಯಿಯ ಕೊಕ್ಕಿಗೂ ಒಂದೇ ತರಹದ ಬಾಗು. ಕೊಕ್ಕು ಒಳಗಿಟ್ಟಾಗ ಪರಾಗ ನೇರವಾಗಿ ಹಣೆಗೆ ಮೆತ್ತಿಕೊಳ್ಳುತ್ತದೆ. ಹರಕೆಕೆ ಅರಳುವ ಕಾಲದಲ್ಲಿ ಹಣೆಗೆ ಕುಂಕುಮ-ಅರಿಶಿನ ಬೆರೆಸಿ ಹಚ್ಚಿಕೊಂಡಂತೆ ಕಿತ್ತಳೆ ಬಣ್ಣ ಬಳಿದುಕೊಂಡು ಈ ಹಕ್ಕಿಗಳು ಮರದಿಂದ ಮರಕ್ಕೆ ಹಾರುತ್ತವೆ. ಹೂಬಿಟ್ಟ ಮರವೊಂದು ಸಿಕ್ಕಿತೋ, ಅದು ತನ್ನ ಪಿತ್ರಾರ್ಜಿತ ಆಸ್ತಿಯೆಂಬಂತೆ ಕಾಯುತ್ತದೆ. ತನಗಿಂತ ದೊಡ್ಡ ಹಕ್ಕಿಗಳನ್ನೂ ಅಟ್ಟಿಕೊಂಡು ಹೋಗುತ್ತದೆ. ರೆಕ್ಕೆಯ ಗರಿಯಲ್ಲಿ ಒಂದು ಕಚ್ಚು ಇರುವುದರಿಂದ ಹಾರುವಾಗ ಬರ್‍ರೆಂದು ಸದ್ದಾಗುತ್ತದೆ. ಬರುತ್ತಿದ್ದೇನೆಂದು ಮುಂಚಿತವಾಗಿಯೇ ತಿಳಿಸಿದಂತೆ!

ಇನ್ನು ಅದರ ದನಿ. ಗಂಟೆಯ ನಾದದಂತಹ ಇಂಪಾದ ಸ್ವರಗಳು ಒಂದೆರಡು ಬಂದವು ಎನ್ನುವಷ್ಟರಲ್ಲಿ ಕೆಮ್ಮು, ಗೊರಕೆ, ಬಾಗಿಲು ಕಿರುಗುಟ್ಟಿದ ಸದ್ದು! ಮತ್ತೆ ಗಂಟೆ. ಟುಯಿಗೆ ಎರಡು ಧ್ವನಿಪೆಟ್ಟಿಗೆಗಳಿವೆ ಎಂದು ನ್ಯೂಜಿಲೆಂಡಿನಲ್ಲಿ ಜನ ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ನಮ್ಮ ಧ್ವನಿಪೆಟ್ಟಿಗೆ ಇರುವುದು ಶ್ವಾಸನಾಳದ ಮೇಲ್ತುದಿಯಲ್ಲಿ. ಹಕ್ಕಿಗಳಿಗೆ ಅದು ಕೆಳತುದಿಯಲ್ಲಿ, ಶ್ವಾಸನಾಳ ಕವಲೊಡೆದು ಎರಡು ಶ್ವಾಸಕೋಶಗಳತ್ತ ಹೋಗುವ ಜಾಗದಲ್ಲಿದೆ. ಇದಕ್ಕೆ ಸಿರಿಂಕ್ಸ್ ಎಂದು ಹೆಸರು. ಪೆಟ್ಟಿಗೆ ಒಂದೇ, ಆದರೆ ಎರಡು ಕವಲುಗಳಿಗೂ ಬೇರೆ ಬೇರೆ ಕಂಪಿಸುವ ಪೊರೆ, ಬೇರೆ ಬೇರೆ ಸ್ನಾಯುಗಳು. ಎಡಗಡೆಯಿಂದ ಒಂದು ಸ್ವರ, ಬಲಗಡೆಯಿಂದ ಇನ್ನೊಂದು ಸ್ವರವನ್ನು ಏಕಕಾಲಕ್ಕೆ ಹೊರಡಿಸಬಹುದು. ಈ ಸೌಲಭ್ಯ ಟುಯಿಯೊಂದಕ್ಕೇ ಸೀಮಿತವಲ್ಲ, ಹಾಡುಹಕ್ಕಿಗಳಿಗೆಲ್ಲ ಉಂಟು. ಟುಯಿ ಅದನ್ನು ಚೆನ್ನಾಗಿ ದುಡಿಸಿಕೊಂಡಿದೆ, ಅಷ್ಟೆ.

ಉಪಕರಣ ಇದ್ದಮಾತ್ರಕ್ಕೆ ಸಂಗೀತ ಬಂದೀತೇ? ಕಲಿಯಬೇಕು. ಕೋಳಿಮರಿಗೆ ಕೂಗಲು ಯಾರೂ ಕಲಿಸಬೇಕಿಲ್ಲ. ಹಾಡುಹಕ್ಕಿಯ ಮರಿ ಹಾಗಲ್ಲ. ದೊಡ್ಡ ಹಕ್ಕಿಗಳ ಹಾಡು ಕೇಳಿ, ತಾನೂ ತೊದಲಿ, ತಿದ್ದಿಕೊಂಡು ಹಾಡು ಕಲಿಯುತ್ತದೆ. ಅದಕ್ಕೇ ಮೀಸಲಾದ ಭಾಗಗಳು ಅದರ ಮಿದುಳಿನಲ್ಲಿವೆ. ಹೀಗೆ ಕೇಳಿ ಕಲಿಯುವುದರಿಂದಲೇ ಧಾರವಾಡದ ಕನ್ನಡ ಬೇರೆ, ಮಂಗಳೂರಿನ ಕನ್ನಡ ಬೇರೆ ಎಂಬಂತೆ ಒಂದು ಕಾಡಿನ ಟುಯಿಯ ಹಾಡಿಗೂ ಇನ್ನೊಂದು ಕಾಡಿನ ಟುಯಿಯ ಹಾಡಿಗೂ ವ್ಯತ್ಯಾಸವಿರುತ್ತದೆ. ಕೇಳಿದ್ದನ್ನೆಲ್ಲ ಅನುಕರಿಸುವ ಚಾಳಿ ಕೆಲವು ಜಾತಿಗಳಿಗೆ ಹೆಚ್ಚು. ಮಲೆನಾಡಿನ ಮಕ್ಕಳಿಗೆ ಭೀಮರಾಜ ಹಕ್ಕಿಯ ಅಣಕುವಿದ್ಯೆ ಗೊತ್ತಿರಬಹುದು. ಟುಯಿ ಅದೇ ಪಂಗಡದ ಕಲಾವಿದ.

ಮಾವೊರಿಗಳು ಈ ಗುಣವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಎಳೆಯ ಟುಯಿಯನ್ನು ಪಂಜರದಲ್ಲಿಟ್ಟು, ನಾಲಗೆಯ ತುದಿಯ ಎಳೆಗಳನ್ನು ಕತ್ತರಿಸಿ (ಈಗ ಕೇಳಿದರೆ ಮೈ ಜುಮ್ಮೆನ್ನುತ್ತದೆ), ತಾಳ್ಮೆಯಿಂದ ಮಾತು ಕಲಿಸುತ್ತಿದ್ದರು. ಒಂದೆರಡು ಪದವಲ್ಲ, ಅತಿಥಿಗಳನ್ನು ಎದುರುಗೊಳ್ಳುವ ಉದ್ದನೆಯ ಸ್ವಾಗತ ವಚನಗಳನ್ನೇ ಕಲಿಸುತ್ತಿದ್ದರು. ಬರಹವಿಲ್ಲದ ಸಮಾಜದಲ್ಲಿ ವಂಶಾವಳಿ, ಮಂತ್ರ, ಕತೆಗಳೆಲ್ಲ ಬಾಯಿಂದ ಬಾಯಿಗೆ ಬರಬೇಕು. ಅಂಥಲ್ಲಿ ತಪ್ಪಿಲ್ಲದೆ ಒಪ್ಪಿಸುವ ಹಕ್ಕಿಗೆ ಎಷ್ಟು ಬೆಲೆ ಇದ್ದಿರಬೇಕು! ಚೆನ್ನಾಗಿ ಹಾಡುವವರನ್ನು ನಾವು ‘ಕೋಗಿಲೆ ಕಂಠ’ ಎಂದರೆ, ಅವರು ‘ಟುಯಿಯ ಕೊರಳು’ ಎನ್ನುತ್ತಾರೆ. ಹಾಗೆಂದು ಬರೀ ಆರಾಧನೆಯಿತ್ತು ಎಂದೇನೂ ಅಲ್ಲ. ಚಳಿಗಾಲದಲ್ಲಿ ಹಣ್ಣು ತಿಂದು ಕೊಬ್ಬಿದ ಟುಯಿಗಳನ್ನು ಉರುಲು ಹಾಕಿ ಹಿಡಿದು, ಅವುಗಳದ್ದೇ ಕೊಬ್ಬಿನಲ್ಲಿ ಬೇಯಿಸಿ ಸೋರೆಬುರುಡೆಯಲ್ಲಿ ತುಂಬಿಡುತ್ತಿದ್ದುದೂ ಉಂಟು.

ಈಗ ಹೆಸರಿನ ಕತೆ.

1773ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಯಾನದಲ್ಲಿ ನ್ಯೂಜಿಲೆಂಡಿಗೆ ಬಂದಾಗ ಈ ಹಕ್ಕಿಗೆ ‘ಪೋಯಿ ಹಕ್ಕಿ’ ಎಂದು ಕರೆದ. ಅದಕ್ಕೂ ಹಿಂದಿನ ಯಾನದಲ್ಲಿ ಅವನು ತಾಹಿತಿ ದ್ವೀಪಕ್ಕೆ ಹೋಗಿದ್ದ. ಅಲ್ಲಿನ ಭಾಷೆಯಲ್ಲಿ ಕಿವಿಯ ಓಲೆಗೆ ಹತ್ತಿರದ ಈ ಪದ ನಾವಿಕರ ನಾಲಗೆಯ ಮೇಲಿತ್ತು. ಗಂಟಲಿನ ಬಿಳಿ ಗುಚ್ಛಗಳನ್ನು ಕಂಡು ಓಲೆಯ ನೆನಪಾಯಿತು, ಹೆಸರಿಟ್ಟುಬಿಟ್ಟರು. ಹಕ್ಕಿ ನ್ಯೂಜಿಲೆಂಡಿನದು, ಹೆಸರು ಸಾವಿರಾರು ಕಿಲೋಮೀಟರ್ ದೂರದ ತಾಹಿತಿಯದು, ಇಟ್ಟವರು ಇಂಗ್ಲೆಂಡಿನವರು! ಅಲ್ಲೇ ದಡದ ಮೇಲಿದ್ದ ಜನ ಅದನ್ನು ಏನೆಂದು ಕರೆಯುತ್ತಾರೆಂದು ಕೇಳುವ ವ್ಯವಧಾನ ಇರಲಿಲ್ಲವೋ ಏನೋ. ಆಮೇಲೆ ನೆಲೆಸಲು ಬಂದ ಇಂಗ್ಲಿಷರು ‘ಪಾದ್ರಿ ಹಕ್ಕಿ’ ಎಂದರು. ಕಪ್ಪು ನಿಲುವಂಗಿ, ಕತ್ತಿನ ಬಳಿ ಬಿಳಿಯ ಪಟ್ಟಿ, ಹಾಡುವಾಗ ತಲೆಯಾಡಿಸುವ ಭಂಗಿ, ಎಲ್ಲವೂ ಉಪದೇಶ ಮಾಡುವ ಪಾದ್ರಿಯದೇ. ಹೋಲಿಕೆ ತಮಾಷೆಯಾಗಿದೆ, ಒಪ್ಪೋಣ. ಬುಲ್ಲರನ ಕಾಲಕ್ಕೆ ಎರಡು ಹೆಸರೂ ಬಳಕೆಯಲ್ಲಿದ್ದವು. ಕಾಲಕ್ರಮದಲ್ಲಿ ಪಾದ್ರಿ ಪುಸ್ತಕದಲ್ಲೇ ಉಳಿದ, ಟುಯಿ ಗೆದ್ದಿತು. ನ್ಯೂಜಿಲೆಂಡಿನಲ್ಲಿ 1967ರಲ್ಲಿ ಡಾಲರ್ ನೋಟುಗಳು ಬಂದಾಗ ಐದು ಡಾಲರಿನ ನೋಟಿನ ಹಿಂಬದಿಯಲ್ಲಿ ಕುಳಿತದ್ದು ಇದೇ ಹಕ್ಕಿ.

ಮಾವೊರಿಗಳಲ್ಲಿ ಇದಕ್ಕೆ ಇನ್ನೊಂದು ಹೆಸರೂ ಇದೆ: ಕೋಕೋ. ಗಂಡಿಗೆ ಕೋಕೋಉರಿ, ಹೆಣ್ಣಿಗೆ ಕೋಕೋತೆಅ; ಉರಿ ಎಂದರೆ ಕಪ್ಪು, ತೆಅ ಎಂದರೆ ತಿಳಿಬಣ್ಣ. ಹಕ್ಕಿಯ ಗಂಡು-ಹೆಣ್ಣಿಗೆ ಬೇರೆ ಬೇರೆ ಪದ ಬೇಕಾದದ್ದು ಅದನ್ನು ಅಷ್ಟು ಹತ್ತಿರದಿಂದ ನೋಡಿದವರಿಗೆ ಮಾತ್ರ.

ಆ ನಾಡಿನ ಎಷ್ಟೋ ಹಕ್ಕಿಗಳ ಹೆಸರುಗಳು ಅವುಗಳ ಕೂಗೇ ಆಗಿವೆ. ಕಿವಿ, ಕೆಅ, ಕಾಕಾ, ಎಲ್ಲ ಅಂಥವು. ಅಲ್ಲಿನ ಒಂದು ಪುಟ್ಟ ಗೂಬೆಯ ಕತೆಯನ್ನು ಕೇಳಬೇಕು. ಅದು ರಾತ್ರಿ ಕೂಗಿದಾಗ ಮಾವೊರಿಗಳಿಗೆ ‘ರುರು’ ಎಂದು ಕೇಳಿಸಿತು, ಹೆಸರು ರುರು ಆಯಿತು. ಅದೇ ಕೂಗು ಇಂಗ್ಲಿಷರಿಗೆ ‘ಮೋರ್ ಪೋರ್ಕ್’ ಎಂದು ಕೇಳಿಸಿತಂತೆ, ಅಂದರೆ ‘ಇನ್ನಷ್ಟು ಹಂದಿಮಾಂಸ’! ಹೆಸರೂ ಅದೇ ಆಯಿತು. ನಮ್ಮವರಿಗೆ ಗೂಬೆ ‘ಗುಮ್ಮ’ ಎಂದಿತ್ತು. ಹಕ್ಕಿಯ ಕೊರಳಷ್ಟೇ ಅಲ್ಲ, ಕೇಳುವವನ ಕಿವಿಯೂ ಹೆಸರಿನಲ್ಲಿ ಸೇರಿಕೊಳ್ಳುತ್ತದೆ.

ಮಾವೊರಿ ಭಾಷೆಯನ್ನು ಬರಹಕ್ಕೆ ಇಳಿಸಿದವರು ಪಾದ್ರಿಗಳು. 1820ರಲ್ಲಿ ಹೊಂಗಿ ಹಿಕಾ ಮತ್ತು ವಯಿಕಾತೋ ಎಂಬ ಇಬ್ಬರು ಮಾವೊರಿ ಮುಖಂಡರು ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್‌ನ ವಿದ್ವಾಂಸ ಸ್ಯಾಮ್ಯುಯೆಲ್ ಲೀ ಎದುರು ಕುಳಿತು ತಮ್ಮ ಭಾಷೆಯನ್ನು ಉಚ್ಚರಿಸಿ ತೋರಿಸಿದರು. ಜೊತೆಗಿದ್ದವನು ಥಾಮಸ್ ಕೆಂಡಾಲ್ ಎಂಬ ಮಿಷನರಿ. ಆ ವರ್ಷವೇ ವ್ಯಾಕರಣ ಅಚ್ಚಾಯಿತು. 1844ರಲ್ಲಿ ವಿಲಿಯಂ ವಿಲಿಯಮ್ಸ್ ನಿಘಂಟು ತಂದ. ನಮ್ಮ ಕಿಟೆಲ್ ನಿಘಂಟಿಗಿಂತ (1894) ಸರಿಯಾಗಿ ಐವತ್ತು ವರ್ಷ ಮೊದಲು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ತೊಡಕು. ಮಾವೊರಿಯಲ್ಲಿ ಹತ್ತು ವ್ಯಂಜನ, ಐದು ಸ್ವರ. ಐದಕ್ಕೂ ಹ್ರಸ್ವ, ದೀರ್ಘ ಎರಡು ರೂಪ. ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಕೆಡುತ್ತದೆ, ನಮ್ಮ ‘ಕಡು’, ‘ಕಾಡು’ಗಳ ಹಾಗೆ. ಇಂಗ್ಲಿಷ್ ಲಿಪಿಯಲ್ಲಿ ದೀರ್ಘಕ್ಕೆ ಚಿಹ್ನೆಯಿಲ್ಲ. ಹಾಗಾಗಿ ಬಹುಕಾಲ ಹಕ್ಕಿಯ ಹೆಸರನ್ನು ‘ಟುಯಿ’ ಎಂದು ಎರಡೂ ಹ್ರಸ್ವ ಮಾಡಿ ಬರೆದರು. ಮಾವೊರಿ ಅಜ್ಜಿಯೊಬ್ಬಳ ಬಾಯಲ್ಲಿ ಅದು ‘ತೂಈ’, ಎರಡೂ ದೀರ್ಘ. ಈಗ ಅಲ್ಲಿನ ಪತ್ರಿಕೆಗಳೂ ಶಾಲಾಪುಸ್ತಕಗಳೂ ಸ್ವರದ ತಲೆಯ ಮೇಲೆ ಅಡ್ಡಗೆರೆ ಎಳೆದು ದೀರ್ಘ ತೋರಿಸುತ್ತವೆ. ಕನ್ನಡ ಲಿಪಿಗೆ ಇಂಥ ಗೆರೆಯ ಹಂಗಿಲ್ಲ. ಎ-ಏ, ಒ-ಓ ಭೇದ ಸಹ ನಮ್ಮಲ್ಲಿ ಉಂಟು. ಮಾವೊರಿಯ ಸ್ವರಗಳನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಚೊಕ್ಕವಾಗಿ ಬರೆಯಬಹುದು!

ನಮ್ಮ ತೊಡಕು ಬೇರೆ. ಎರಡು ಸ್ವರಗಳು ಅಕ್ಕಪಕ್ಕ ಕೂತರೆ ಕನ್ನಡದ ನಾಲಗೆಗೆ ಸಮಾಧಾನವಿಲ್ಲ. ನಡುವೆ ಒಂದು ಯಕಾರವೋ ವಕಾರವೋ ಬಂದು ಕೂರಬೇಕು. ಆಗಮಸಂಧಿ ಓದಿದ ಮಕ್ಕಳಿಗೆ ಇದು ಗೊತ್ತು. ‘ತೂಈ’ ನಮ್ಮಲ್ಲಿ ಟುಯಿ ಆದದ್ದು, ‘ಮಾಒರಿ’ ಮಾವೊರಿ ಆದದ್ದು ಹೀಗೆ. ಉಕಾರದ ಮುಂದೆ ಬರಬೇಕಾದ್ದು ವಕಾರ, ಯಕಾರವಲ್ಲ ಎಂದು ವ್ಯಾಕರಣದ ಮೇಷ್ಟ್ರು ತಕರಾರು ತೆಗೆದರೆ ಅವರ ಮಾತು ಸರಿಯೇ. ಇನ್ನೊಂದು ಸ್ವಾರಸ್ಯ: ಮಾವೊರಿಯಲ್ಲಿ ಬಹುವಚನಕ್ಕೆ ನಾಮಪದದ ಬಾಲ ಬದಲಾಗುವುದಿಲ್ಲ. ಒಂದಿದ್ದರೂ ತೂಈ, ಹತ್ತಿದ್ದರೂ ತೂಈ. ಈ ಬರಹದಲ್ಲಿ ಟುಯಿಗಳು ಎಂದು ‘ಗಳು’ ಹಚ್ಚಿದ್ದು ಕನ್ನಡದ ಸ್ವಾತಂತ್ರ್ಯ.

ಹಕ್ಕಿಯ ಹೆಸರು ಗೆದ್ದಿತು, ಆದರೆ ಆ ಹೆಸರನ್ನು ಕೊಟ್ಟ ಭಾಷೆ ಸೋಲುತ್ತಾ ಬಂದಿತ್ತು. 1867ರ ಕಾನೂನು ಮಾವೊರಿ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷನ್ನು ತಂದಿತು. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಏಟು ತಿಂದ ನೆನಪನ್ನು ಎಷ್ಟೋ ಮಂದಿ ಮುದುಕರಾದ ಮೇಲೂ ಹೇಳಿಕೊಂಡಿದ್ದಾರೆ. ಏಟು ತಿಂದವರು ತಂದೆತಾಯಿಗಳಾದಾಗ, ತಮ್ಮ ಮಕ್ಕಳಿಗೆ ಆ ಕಷ್ಟ ಬೇಡವೆಂದು ಇಂಗ್ಲಿಷಿನಲ್ಲೇ ಮಾತನಾಡಿಸಿದರು. ಇದನ್ನು ತಪ್ಪೆನ್ನುವುದು ಸುಲಭ, ಆ ತಾಯಂದಿರ ಜಾಗದಲ್ಲಿ ನಿಂತು ನೋಡುವುದು ಕಷ್ಟ. ಹಾಡುಹಕ್ಕಿಯ ಮರಿಯಂತೆಯೇ ಮನುಷ್ಯನ ಮಗುವೂ ಕೇಳಿದ್ದನ್ನು ಮಾತ್ರ ಕಲಿಯಬಲ್ಲದು. 1970ರ ದಶಕದ ಹೊತ್ತಿಗೆ ಮಾವೊರಿಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆಯುವ ಮಕ್ಕಳು ತೀರ ವಿರಳವಾಗಿದ್ದರು. 1972ರಲ್ಲಿ ಯುವಕರು ಸಹಿ ಸಂಗ್ರಹಿಸಿ ಸಂಸತ್ತಿಗೆ ಮನವಿ ಒಯ್ದರು. 1982ರಲ್ಲಿ ‘ಕೋಹಂಗ ರೆಓ’ ಎಂಬ ಶಿಶುವಿಹಾರಗಳು ಆರಂಭವಾದವು. ಹೆಸರಿನ ಅರ್ಥ ‘ಭಾಷೆಯ ಗೂಡು’. ಅಜ್ಜ ಅಜ್ಜಿಯರು ಅಲ್ಲಿ ಕುಳಿತು ಮೊಮ್ಮಕ್ಕಳೊಂದಿಗೆ ಮಾವೊರಿಯಲ್ಲಿ ಮಾತ್ರ ಮಾತನಾಡುತ್ತಾರೆ. ನಡುವಿನ ಒಂದು ತಲೆಮಾರನ್ನು ಹಾರಿ ಭಾಷೆ ಮುಂದಿನ ತಲೆಮಾರಿಗೆ ಬಂದದ್ದು ಹೀಗೆ. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು.

ಹಕ್ಕಿಗಳಿಗೂ ಅಂಥದೇ ಗತಿ ಬಂದಿತ್ತು. ನ್ಯೂಜಿಲೆಂಡ್ ಸುಮಾರು 8 ಕೋಟಿ ವರ್ಷಗಳ ಹಿಂದೆ ದೊಡ್ಡ ಭೂಖಂಡದಿಂದ ಬೇರ್ಪಟ್ಟ ನಾಡು. ಮನುಷ್ಯರು ಕಾಲಿಡುವ ಮೊದಲು ಅಲ್ಲಿದ್ದ ನೆಲದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಇಲಿ, ಬೆಕ್ಕು, ಮುಂಗುಸಿಯಂಥ ಪ್ರಾಣಿಗಳ ಭಯವೇ ಇಲ್ಲದೆ ಹಕ್ಕಿಗಳು ಬೆಳೆದವು. ಸುಮಾರು ಏಳುನೂರು ವರ್ಷಗಳ ಹಿಂದೆ ಮಾವೊರಿಗಳ ಪೂರ್ವಜರು ದೋಣಿಗಳಲ್ಲಿ ಬಂದರು. ಜೊತೆಯಲ್ಲಿ ನಾಯಿ, ಇಲಿ ಬಂದವು. ದೈತ್ಯಗಾತ್ರದ ಮೋಆ ಹಕ್ಕಿ ಅಳಿದದ್ದು ಆಗಲೇ. ಯೂರೋಪಿಯನ್ನರೊಂದಿಗೆ ಹಡಗಿನ ಇಲಿ, ಬೆಕ್ಕು ಬಂದವು. ತುಪ್ಪಳಕ್ಕಾಗಿ ಆಸ್ಟ್ರೇಲಿಯಾದಿಂದ ಪೊಸಮ್ ತಂದು ಬಿಟ್ಟರು. ಮೊಲ ತಂದರು, ಮೊಲ ಹೆಚ್ಚಾಯಿತೆಂದು 1880ರ ದಶಕದಲ್ಲಿ ಸ್ಟೋಟ್ ಎಂಬ ಮುಂಗುಸಿಯಂಥ ಬೇಟೆಗಾರ ಪ್ರಾಣಿಯನ್ನು ತಂದರು. ಬೇಡವೆಂದು ಎಚ್ಚರಿಸಿದವರು ಆಗಲೂ ಇದ್ದರು. ಸ್ಟೋಟ್ ಮೊಲದ ಹಿಂದಷ್ಟೇ ಓಡಲಿಲ್ಲ, ಮರ ಹತ್ತಿ ಗೂಡುಗಳಿಗೂ ಕೈಹಾಕಿತು.

ಹುಯಿಅ ಎಂಬ ಹಕ್ಕಿ ಈ ಹೊಡೆತ ತಾಳಲಿಲ್ಲ. ಅದರ ಹೆಸರೂ ಅದರ ಶಿಳ್ಳೆಯೇ. ಅದರ ಬಿಳಿತುದಿಯ ಬಾಲದ ಗರಿ ಮಾವೊರಿ ಮುಖಂಡರ ತಲೆಯ ಮೇಲಿನ ಗೌರವಚಿಹ್ನೆಯಾಗಿತ್ತು. 1892ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು, ಕಾಗದದ ಮೇಲೆ. 1901ರಲ್ಲಿ ಇಂಗ್ಲೆಂಡಿನ ರಾಜಕುಮಾರ ರೊತೊರುವಾಕ್ಕೆ ಬಂದಾಗ ಅವನ ಟೋಪಿಗೆ ಹುಯಿಅ ಗರಿ ಸಿಕ್ಕಿಸಿದ್ದೇ ತಡ, ಶೋಕಿಯ ಜನಕ್ಕೆಲ್ಲ ಅದೇ ಗರಿ ಬೇಕಾಯಿತು. ಹುಯಿಅಗಳನ್ನು ಕೊಂದು ಸಂಗ್ರಹಿಸಿದವರಲ್ಲಿ ‘ಸುಳ್ಳು’ ಎನಿಸಿಕೊಂಡ ನಮ್ಮ ಬುಲ್ಲರನೂ ಒಬ್ಬ. 1907ರ ಬಳಿಕ ಆ ಹಕ್ಕಿಯನ್ನು ಖಚಿತವಾಗಿ ಕಂಡವರಿಲ್ಲ. ಅದರ ದನಿಯನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ. 1909ರಲ್ಲಿ ಹುಯಿಅಗಳನ್ನು ಹುಡುಕಿಕೊಂಡು ಕಾಡಿಗೆ ಹೋದ ತಂಡದಲ್ಲಿ ಹೇನರೆ ಹಾಮನ ಎಂಬ ಮಾವೊರಿ ಇದ್ದ. ಶಿಳ್ಳೆ ಹಾಕಿ ಹುಯಿಅವನ್ನು ಕರೆಯುವುದು ಅವನಿಗೆ ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವನ ಆ ಶಿಳ್ಳೆಯನ್ನು ಮುದ್ರಿಸಿಕೊಂಡರು. ಇಂದು ಹುಯಿಅದ ದನಿ ಎಂದು ಕೇಳಿಸುವುದು ಒಬ್ಬ ಮನುಷ್ಯನ ಅನುಕರಣೆಯನ್ನು.

ಟುಯಿ ಗಟ್ಟಿಜೀವ, ಉಳಿಯಿತು. ಆದರೂ ಎಷ್ಟೋ ಊರುಗಳಿಂದ ಮರೆಯಾಯಿತು. ದಕ್ಷಿಣ ದ್ವೀಪದ ಬ್ಯಾಂಕ್ಸ್ ಪರ್ಯಾಯದ್ವೀಪದಲ್ಲಿ ನೆಲೆನಿಂತ ಟುಯಿಗಳೇ ಇಲ್ಲವಾಗಿದ್ದವು. 2009 ಮತ್ತು 2010ರಲ್ಲಿ ಮಾಡ್ ದ್ವೀಪದಿಂದ ಟುಯಿಗಳನ್ನು ಹಿಡಿದು ತಂದು ಅಲ್ಲಿ ಬಿಟ್ಟರು. ರಾಜಧಾನಿ ವೆಲಿಂಗ್ಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಟುಯಿ ಅಪರೂಪವಾಗಿತ್ತು. ನಗರದ ನಡುವಿನ ಹಳೆಯ ಕುಡಿಯುವ ನೀರಿನ ಜಲಾಶಯವಿದ್ದ ಕರೋರಿ ಕಣಿವೆಯ 225 ಹೆಕ್ಟೇರ್ ಜಾಗದ ಸುತ್ತ 8.6 ಕಿಲೋಮೀಟರ್ ಉದ್ದದ ಬೇಲಿ 1999ರಲ್ಲಿ ಪೂರ್ಣವಾಯಿತು. ಇದು ದನ ತಡೆಯುವ ಬೇಲಿಯಲ್ಲ. ಇಲಿ ತೂರದಷ್ಟು ಸಣ್ಣ ಕಣ್ಣಿನ ಬಲೆ. ಹತ್ತಲಾಗದಂತೆ ಮೇಲೆ ಬಾಗಿದ ಟೊಪ್ಪಿಗೆ. ಬಿಲ ತೋಡಿ ನುಸುಳದಂತೆ ನೆಲದಡಿಯಲ್ಲೂ ಬಲೆ. ಒಳಗಿದ್ದ ಇಲಿ, ಸ್ಟೋಟ್, ಪೊಸಮ್‌ಗಳನ್ನು ತೆಗೆದುಹಾಕಿದರು. ಟುಯಿಗೆ ಬೇಲಿಯ ಮೇಲಿಂದ ಹಾರುವುದು ಕಷ್ಟವೇ? ಒಳಗೆ ಮರಿಮಾಡಿ ಊರೆಲ್ಲ ಹರಡಿಕೊಂಡವು. ಈಗ ಅಲ್ಲಿ ಮನೆಯಂಗಳದ ಕೋಫಯಿ ಮರದ ಹಳದಿ ಹೂಗಳಲ್ಲಿ ಟುಯಿಗಳು ಜಗಳವಾಡುವುದು ಸಾಮಾನ್ಯ ನೋಟ. ಬೆಳಗಿನ ಜಾವಕ್ಕೇ ಹಾಡಿ ನಿದ್ದೆ ಕೆಡಿಸುತ್ತವೆ ಎಂದು ಗೊಣಗುವವರೂ ಹುಟ್ಟಿಕೊಂಡಿದ್ದಾರೆ. 2005ರಲ್ಲಿ ಅಲ್ಲಿನ ಜನ ‘ವರ್ಷದ ಹಕ್ಕಿ’ಯನ್ನು ಮೊದಲ ಬಾರಿಗೆ ಮತ ಹಾಕಿ ಆರಿಸಿದಾಗ ಗೆದ್ದದ್ದೂ ಟುಯಿಯೇ.

ಕಾಡಿನ ಟುಯಿಯನ್ನು ಹಿಡಿದು ಪಂಜರದಲ್ಲಿಟ್ಟು ಮಾತು ಕಲಿಸಲು ಈಗ ಅವಕಾಶವಿಲ್ಲ. 1953ರ ವನ್ಯಜೀವಿ ಕಾಯಿದೆ ಅದನ್ನು ತಡೆಯುತ್ತದೆ. ಗಾಯಗೊಂಡ ಹಕ್ಕಿಗಳನ್ನು ಆರೈಕೆ ಮಾಡುವ ವಾಂಗರೇಯಿ ಊರಿನ ಕೇಂದ್ರದಲ್ಲಿ ರೆಕ್ಕೆ ಊನವಾಗಿ ಹಾರಲಾರದ ಒಂದು ಟುಯಿ ಮಾತ್ರ ಹಲವು ವರ್ಷ ಬದುಕಿತ್ತು. ಯಾರೂ ಅದರ ನಾಲಗೆ ಕತ್ತರಿಸಿರಲಿಲ್ಲ, ಪಾಠ ಹೇಳಿರಲಿಲ್ಲ. ತನ್ನನ್ನು ನೋಡಿಕೊಳ್ಳುತ್ತಿದ್ದವನ ಮಾತನ್ನು ಕೇಳಿ ಕೇಳಿ ತಾನೇ ಕಲಿತು, ಬಂದವರನ್ನು ಅವನದೇ ಗಡಸು ದನಿಯಲ್ಲಿ ಮಾತನಾಡಿಸುತ್ತಿತ್ತು. ಇಂಗ್ಲಿಷಿನಲ್ಲಿ.